ನ್ಯಾಯಪೀಠಕ್ಕೆ ವಯಸ್ಸಿನ ಗಡಿ: ಯಾರಿಗೆ, ಎಷ್ಟಕ್ಕೆ, ಏಕೆ

ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಪಾಲಿನ ದಾವೆ ಹೂಡಿದ ರೈತನಿಗೆ ನ್ಯಾಯಾಧೀಶರ ವಯಸ್ಸು ಎಷ್ಟೆಂಬ ಚಿಂತೆಯಿಲ್ಲ. ಸಾಕ್ಷಿ ಬರೆದುಕೊಂಡ ಸಾಹೇಬರೇ ತೀರ್ಪನ್ನೂ ಕೊಡುತ್ತಾರೋ, ಅಷ್ಟರೊಳಗೆ ವರ್ಗವಾಗಿ ಹೋಗುತ್ತಾರೋ ಎನ್ನುವುದೇ ಅವನ ಚಿಂತೆ. ಹಾಸನ, ಹೊಳೆನರಸೀಪುರ, ಅರಕಲಗೂಡಿನ ಕೋರ್ಟು ಆವರಣಗಳಲ್ಲೂ ಇದೇ ಮಾತು. ಅದೇ ದಾವೆ ಅಪೀಲಾಗಿ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಏರಿದಾಗ ಮಾತ್ರ ವಯಸ್ಸಿನ ಪ್ರಶ್ನೆ ಎದುರಾಗುತ್ತದೆ. ತಾಲೂಕು ಮತ್ತು ಜಿಲ್ಲಾ ನ್ಯಾಯಾಧೀಶರು 60ಕ್ಕೆ ನಿವೃತ್ತರಾಗುತ್ತಾರೆ. ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ. ಆಮೇಲೆ ನ್ಯಾಯಮಂಡಳಿ, ಆಯೋಗಗಳ ಬಾಗಿಲು 67ರವರೆಗೆ, 70ರವರೆಗೆ, ಕೆಲವೆಡೆ ಅದಕ್ಕೂ ಆಚೆಗೆ ತೆರೆದಿರುತ್ತದೆ. ಒಂದೇ ಮೊಕದ್ದಮೆ ಹಾದುಹೋಗುವ ದಾರಿಯಲ್ಲಿ ಇಷ್ಟು ಬೇರೆ ಬೇರೆ ಗಡಿಗಳು ಏಕೆ? ಗಡಿಯೇ ಬೇಡವೆನ್ನುವವರ ವಾದವೇನು? ವಯಸ್ಸಿನ ಬದಲು ಇಂತಿಷ್ಟು ವರ್ಷವೆಂದು ಅವಧಿ ಕಟ್ಟಿದರೆ ಆಗದೇ?

ಈ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸ್ಪಷ್ಟವಾಗಿ ಕಾಣುವುದು ಇಷ್ಟು. ನ್ಯಾಯಾಧೀಶರಿಗೆ ಗಡಿ ಬೇಕು, ಮತ್ತು ಆ ಗಡಿ ಯಾರ ಕೃಪೆಗೂ ಜಗ್ಗದ ತಾರೀಖಾಗಿರಬೇಕು. 62 ಸರಿಯೋ 65 ಸರಿಯೋ ಎಂಬುದು ಎರಡನೆಯ ಮಾತು. ಆ ತಾರೀಖಿನ ಹಿಂದೆ ಮುಂದೆ ಯಾರಾದರೊಬ್ಬರ ಇಷ್ಟಾನಿಷ್ಟಕ್ಕೆ ಎಲ್ಲೆಲ್ಲಿ ಜಾಗ ಬಿಟ್ಟಿದ್ದೇವೋ ಅಲ್ಲೆಲ್ಲ ನ್ಯಾಯಕ್ಕೆ ಪೆಟ್ಟು ಬಿದ್ದಿದೆ.

ಅಂಕಿಗಳು ಬಂದ ದಾರಿ

ಹೈಕೋರ್ಟಿಗೆ 60, ದೆಹಲಿಯ ನ್ಯಾಯಾಲಯಕ್ಕೆ 65 ಎಂಬ ಆರಂಭದ ಲೆಕ್ಕ ಸಂವಿಧಾನ ಸಭೆಯಲ್ಲಿ ಹುಟ್ಟಿದ್ದಲ್ಲ. 1935ರ ಭಾರತ ಸರ್ಕಾರ ಕಾಯ್ದೆಯೇ ಹೈಕೋರ್ಟ್ ನ್ಯಾಯಾಧೀಶರಿಗೆ 60, ಫೆಡರಲ್ ಕೋರ್ಟಿನವರಿಗೆ 65 ಎಂದು ಗೊತ್ತುಮಾಡಿತ್ತು. 1949ರಲ್ಲಿ ಸಂವಿಧಾನ ಸಭೆ ಈ ವಿಷಯವನ್ನು ಚರ್ಚಿಸಿದಾಗ ಜೀವನಪರ್ಯಂತ ಅಧಿಕಾರ ಇರಲೆಂಬ ವಾದವೂ ಬಂತು, 65 ಹೆಚ್ಚಾಯಿತೆಂಬ ವಾದವೂ ಬಂತು. ಅಂಬೇಡ್ಕರ್ 65ಕ್ಕೆ ನಿಂತರು. ಆ ವಯಸ್ಸಿಗೆ ಬುದ್ಧಿಶಕ್ತಿ ಬತ್ತಿಹೋಗುತ್ತದೆ ಎಂದು ಅವರು ನಂಬಿರಲಿಲ್ಲ. ನಿವೃತ್ತರನ್ನು ಅಗತ್ಯ ಬಿದ್ದಾಗ ಮತ್ತೆ ಪೀಠಕ್ಕೆ ಕರೆಸಿಕೊಳ್ಳುವ ಅವಕಾಶವನ್ನು ಸಂವಿಧಾನದಲ್ಲೇ ಇಟ್ಟಿರುವುದನ್ನು ಅವರು ಸಭೆಯ ಗಮನಕ್ಕೆ ತಂದರು.

1963ರಲ್ಲಿ 15ನೇ ತಿದ್ದುಪಡಿ ಹೈಕೋರ್ಟಿನ 60ನ್ನು 62ಕ್ಕೆ ಏರಿಸಿತು. ಅಲ್ಲಿಂದ ಇಲ್ಲಿಗೆ ಆರು ದಶಕ ದಾಟಿದರೂ ಆ ಅಂಕಿ ಕದಲಿಲ್ಲ. ಕದಲಿಸುವ ಪ್ರಯತ್ನಗಳಲ್ಲಿ ಕನ್ನಡಿಗರ ಪಾಲು ದೊಡ್ಡದು. 1993–94ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಎನ್. ವೆಂಕಟಾಚಲಯ್ಯ ಅವರು 2000ದಲ್ಲಿ ಸಂವಿಧಾನ ಪರಾಮರ್ಶೆ ಆಯೋಗದ ಅಧ್ಯಕ್ಷರಾದರು. ಹೈಕೋರ್ಟಿಗೆ 65, ಸುಪ್ರೀಂ ಕೋರ್ಟಿಗೆ 68 ಇರಲಿ ಎಂದು ಆ ಆಯೋಗ 2002ರಲ್ಲಿ ಹೇಳಿತು. 2010ರಲ್ಲಿ ಹೈಕೋರ್ಟಿನ ವಯಸ್ಸನ್ನು 65 ಮಾಡುವ ಮಸೂದೆ ಲೋಕಸಭೆಗೆ ಬಂತಾದರೂ ಅಂಗೀಕಾರವಾಗದೆ ಬಿದ್ದುಹೋಯಿತು.

ಕೆಳಹಂತದ ಕಥೆ ಬೇರೆ. 58ಕ್ಕೆ ನಿವೃತ್ತರಾಗುತ್ತಿದ್ದ ತಾಲೂಕು, ಜಿಲ್ಲಾ ನ್ಯಾಯಾಧೀಶರಿಗೆ 60ರವರೆಗೆ ಅವಕಾಶ ಸಿಕ್ಕಿದ್ದು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ, 1990ರ ದಶಕದ ಆರಂಭದಲ್ಲಿ. 58ರ ಹೊತ್ತಿಗೆ ಅವರ ಕೆಲಸವನ್ನು ತೂಗಿನೋಡಿ ಮುಂದುವರಿಸಬೇಕೆಂಬ ಷರತ್ತನ್ನೂ 1993ರ ಆದೇಶ ಹಾಕಿತು. ಅನಂತರ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ 62ನ್ನು ಶಿಫಾರಸು ಮಾಡಿತು. ಹೈಕೋರ್ಟಿನವರೇ 62ಕ್ಕೆ ಇಳಿಯುವಾಗ ಕೆಳಗಿನವರಿಗೂ ಅಷ್ಟೇ ಕೊಡುವುದು ಸರಿಯಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಧ್ಯಪ್ರದೇಶದ ನ್ಯಾಯಾಂಗ ಅಧಿಕಾರಿಗಳ ವಯಸ್ಸನ್ನು 61ಕ್ಕೆ ಏರಿಸಲು ಅಡ್ಡಿಯಿಲ್ಲ ಎಂಬ ಮಾತು ಅದೇ ನ್ಯಾಯಾಲಯದಿಂದ ಬಂದದ್ದು 2025ರಲ್ಲಿ. ಮೇಲಿನ ಮೆಟ್ಟಿಲು ಏರದೆ ಕೆಳಗಿನದು ಅದರ ಸಮಕ್ಕೆ ಏರುವಂತಿಲ್ಲ, ಮೇಲಿನದು ಏರಬೇಕಾದರೆ ಸಂವಿಧಾನ ತಿದ್ದಬೇಕು. ಹೀಗಾಗಿ ಮೂರು ಮೆಟ್ಟಿಲೂ ಹೆಚ್ಚುಕಡಿಮೆ ನಿಂತಲ್ಲೇ ನಿಂತಿವೆ.

ಗಡಿ ಬೇಡವೆನ್ನುವವರಿಗೆ

ಅನುಭವ ಮಾಗಿದಾಗಲೇ ಮನೆಗೆ ಕಳಿಸುವುದು ನಷ್ಟವಲ್ಲವೇ ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಆಳವಾದ ಬೇರಿದೆ. ಊರಿನ ನ್ಯಾಯ ಪಂಚಾಯಿತಿಯಲ್ಲಿ ಯಜಮಾನರ ಮಾತಿಗೆ ತೂಕ ಬರುತ್ತಿದ್ದದ್ದೇ ವಯಸ್ಸಿನಿಂದ. ಅವರಿಗೆ ನಿವೃತ್ತಿ ಇರಲಿಲ್ಲ. ಬಹಳ ಕಡೆ ಯಜಮಾನಿಕೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಅನುಭವವೆಂಬುದು ನಿಜಕ್ಕೂ ದೊಡ್ಡ ಆಸ್ತಿ. ಆದರೆ ಆ ವ್ಯವಸ್ಥೆಯಲ್ಲಿ ಯಜಮಾನ ಪಕ್ಷಪಾತಿಯಾದರೆ, ಮನಸ್ಸು ಮಂಕಾದರೆ, ಹೆಣ್ಣುಮಕ್ಕಳ ಹಕ್ಕನ್ನೋ ಕೆಳಜಾತಿಯವರ ಅಹವಾಲನ್ನೋ ಕಿವಿಗೆ ಹಾಕಿಕೊಳ್ಳದಿದ್ದರೆ ಅವನನ್ನು ಇಳಿಸುವ ದಾರಿ ಇರಲಿಲ್ಲ.

ನಮ್ಮ ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯಲ್ಲಿ, 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಅರಸ ಬಗೆಹರಿಸಿದ ತೀರ್ಪು ಅದು. ಕೊಟ್ಟವನು ರಾಜ, ಅವನಿಗೆ ನಿವೃತ್ತಿಯ ವಯಸ್ಸಿಲ್ಲ. ಆದರೂ ಆ ತೀರ್ಪು ಇಂದಿಗೂ ನಾಡಿನ ನೆನಪಿನಲ್ಲಿರುವುದು ಅದು ಎರಡೂ ಕಡೆಯವರ ಎದುರು ಆಗಿ, ಕಲ್ಲಿನ ಮೇಲೆ ಬರಹವಾಗಿ, ಮುಂದಿನವರನ್ನೂ ಕಟ್ಟಿಹಾಕಿತೆಂಬ ಕಾರಣಕ್ಕೆ. ನ್ಯಾಯ ಬಾಳುವುದು ಕೊಟ್ಟವರ ಆಯುಷ್ಯವನ್ನು ನೆಚ್ಚಿಕೊಂಡಲ್ಲ. ಹಿಂದಿನವರು ಬರೆದಿಟ್ಟದ್ದನ್ನು ಮುಂದಿನವರು ಓದಿ ನಡೆಸುವ ವ್ಯವಸ್ಥೆ ಇದ್ದರೆ ಒಬ್ಬೊಬ್ಬರೂ ಇಳಿದುಹೋಗಬಹುದು.

ಇನ್ನೊಂದು ವಾದ: ರಾಜಕಾರಣಿಗಳಿಗಿಲ್ಲದ ಗಡಿ ನ್ಯಾಯಾಧೀಶರಿಗೇಕೆ? ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಹೋದಾಗ ಅವರಿಗೆ 87 ವರ್ಷ. ಜನಪ್ರತಿನಿಧಿಯ ಅಧಿಕಾರ ಐದೋ ಆರೋ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಬರುತ್ತದೆ, 2019ರ ಲೋಕಸಭಾ ಚುನಾವಣೆಯಲ್ಲಿ ಗೌಡರೂ ಸೋಲನ್ನು ಕಂಡಿದ್ದರು. ನ್ಯಾಯಾಧೀಶರಿಗೆ ಅಂಥ ಪರೀಕ್ಷೆ ಇಲ್ಲ, ಇರಲೂ ಬಾರದು. ಜನಪ್ರಿಯತೆಗೆ ಹೆದರದೆ ತೀರ್ಪು ಕೊಡಲೆಂದೇ ಅವರನ್ನು ಚುನಾವಣೆಯಿಂದ ದೂರ ಇಟ್ಟಿದ್ದೇವೆ. ಮಹಾಭಿಯೋಗದ ಹೊರತು ಯಾರೂ ಕೆಳಗಿಳಿಸಲಾಗದ ಅಧಿಕಾರಕ್ಕೆ ತಾನಾಗಿ ಮುಗಿಯುವ ಒಂದು ದಿನ ಬೇಕೇ ಬೇಕು.

ಗಡಿ ಇಲ್ಲದ ಕಡೆ ಏನಾಗುತ್ತದೆಂದು ಅಮೆರಿಕ ತೋರಿಸಿದೆ. ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳದು ಜೀವನಪರ್ಯಂತದ ಹುದ್ದೆ. ರೂತ್ ಬೇಡರ್ ಗಿನ್ಸ್‌ಬರ್ಗ್ 2020ರ ಸೆಪ್ಟೆಂಬರಿನಲ್ಲಿ 87ನೇ ವಯಸ್ಸಿಗೆ ತೀರಿಕೊಂಡಾಗ ಅಧ್ಯಕ್ಷ ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಆ ಜಾಗವನ್ನು ಅವಸರದಲ್ಲಿ ತುಂಬಿದ್ದರಿಂದ ನ್ಯಾಯಾಲಯದ ತೂಕವೇ ಒಂದು ಕಡೆಗೆ ವಾಲಿತು. ಒಬ್ಬರ ಆರೋಗ್ಯ ಇಡೀ ದೇಶದ ಕಾನೂನಿನ ದಿಕ್ಕನ್ನು ನಿರ್ಧರಿಸುವುದು ಯಾವ ಪ್ರಜಾಪ್ರಭುತ್ವಕ್ಕೂ ಒಳ್ಳೆಯದಲ್ಲ. 2024ರಲ್ಲಿ ಅಧ್ಯಕ್ಷ ಬೈಡನ್ 18 ವರ್ಷಗಳ ಅವಧಿಯನ್ನು ಸೂಚಿಸಿದರೂ ಅದು ಮುಂದೆ ಸಾಗಲಿಲ್ಲ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದಲ್ಲಿ 12 ವರ್ಷ, ಮರುನೇಮಕವಿಲ್ಲ, 68ಕ್ಕೆ ನಿವೃತ್ತಿ. ಆಸ್ಟ್ರೇಲಿಯಾ 1977ರಲ್ಲಿ ಜನಮತಗಣನೆ ನಡೆಸಿ 70 ಎಂದು ಗೊತ್ತುಮಾಡಿಕೊಂಡಿತು. ಬ್ರಿಟನ್ 70ಕ್ಕೆ ಇಳಿಸಿದ್ದನ್ನು 2022ರಲ್ಲಿ ಮತ್ತೆ 75ಕ್ಕೆ ಏರಿಸಿತು. ಅಂಕಿಗಳು ಬೇರೆಯಾದರೂ ಗಡಿ ಬೇಕೆಂಬಲ್ಲಿ ಈ ಮೂರೂ ದೇಶಗಳು ಒಂದೇ.

ಎಡನೀರಿನ ಮೊಕದ್ದಮೆ, 1973ರ ಪಾಠ

ನಿವೃತ್ತಿಯ ತಾರೀಖು ನ್ಯಾಯದ ಮೇಲೆ ಎಂಥ ಒತ್ತಡ ತರುತ್ತದೆ ಎಂಬುದಕ್ಕೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಅವರಿಗೆ 1973ರ ಏಪ್ರಿಲ್ 25 ಕೊನೆಯ ದಿನ. ಅದಕ್ಕೆ ಒಂದು ದಿನ ಮೊದಲು, ಏಪ್ರಿಲ್ 24ರಂದು, 7–6ರ ತೀರ್ಪು ಹೊರಬಿತ್ತು. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂಬ ಸಿದ್ಧಾಂತ ಹೀಗೆ ನಿವೃತ್ತಿಯ ಅಂಚಿನಲ್ಲಿ ಹುಟ್ಟಿತು. ಅಷ್ಟು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದದ್ದನ್ನು ಕೂಡಿಸಿ ನೋಡಲು, ಒಬ್ಬರಿನ್ನೊಬ್ಬರದನ್ನು ಓದಿ ಚರ್ಚಿಸಲು ಸಮಯ ಉಳಿಯಲಿಲ್ಲ. ಆ ತೀರ್ಪನ್ನು ಓದುವವರು ಇಂದಿಗೂ ಅನುಭವಿಸುವ ತೊಡಕಿಗೆ ಇದೂ ಒಂದು ಕಾರಣ.

ಮರುದಿನಗಳಲ್ಲಿ ನಡೆದದ್ದು ಇನ್ನೂ ಮುಖ್ಯ. ಸಿಕ್ರಿ ಅವರ ಜಾಗಕ್ಕೆ ಹಿರಿತನದ ಸಾಲಿನಲ್ಲಿದ್ದವರು ಜೆ.ಎಂ. ಶೆಲಟ್, ಕರ್ನಾಟಕದ ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್. ಮೂವರೂ ಸರ್ಕಾರಕ್ಕೆ ಒಪ್ಪದ ತೀರ್ಪಿನ ಕಡೆ ಇದ್ದವರು. ಅವರನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಮುಂದೆ ಲೋಕಸಭೆಯ ಅಧ್ಯಕ್ಷರಾದರು. ಹಿರಿತನ ಮತ್ತು ನಿವೃತ್ತಿಯ ವಯಸ್ಸು ಎರಡೂ ಸೇರಿ ಮುಂದೆ ಯಾರು, ಎಷ್ಟು ದಿನ ಎಂಬುದನ್ನು ಮೊದಲೇ ಹೇಳಿಬಿಡುತ್ತವೆ. ಆ ಲೆಕ್ಕಕ್ಕೆ ಕೈ ಹಾಕಿದರೆ ಏನಾಗುತ್ತದೆಂದು 1973 ತೋರಿಸಿತು.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. 2025ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಸೂರ್ಯ ಕಾಂತ್ ಅವರು ಭಾರತದ 53ನೇ ಮುಖ್ಯ ನ್ಯಾಯಮೂರ್ತಿ. 75 ವರ್ಷದಲ್ಲಿ 53 ಜನ. ಅಮೆರಿಕದಲ್ಲಿ 1789ರಿಂದ ಇಲ್ಲಿಯವರೆಗೆ 17 ಜನ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನಿಂದ ಬಂದ ಇ.ಎಸ್. ವೆಂಕಟರಾಮಯ್ಯ ಅವರಿಗೆ 1989ರಲ್ಲಿ ಸಿಕ್ಕಿದ್ದು ಆರು ತಿಂಗಳು. ಎಸ್. ರಾಜೇಂದ್ರ ಬಾಬು ಅವರಿಗೆ 2004ರಲ್ಲಿ ಒಂದೇ ತಿಂಗಳು. ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ ಅವರು ಹಿರಿತನದ ಪ್ರಕಾರ 2027ರ ಸೆಪ್ಟೆಂಬರಿನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಬೇಕು. ಅಕ್ಟೋಬರ್ 29ಕ್ಕೆ ಅವರು ನಿವೃತ್ತರಾಗುತ್ತಾರೆ, ಅಂದರೆ ಸಿಗುವುದು 36 ದಿನ. ಅಷ್ಟರಲ್ಲಿ ಒಂದು ಸಂಸ್ಥೆಯ ಆಡಳಿತವನ್ನು ತಿದ್ದುವುದು ಯಾರಿಂದಲೂ ಆಗದು.

ಇದಕ್ಕೆ ಪರಿಹಾರವಾಗಿ ಮುಖ್ಯ ನ್ಯಾಯಮೂರ್ತಿಗೆ ಕನಿಷ್ಠ ಎರಡು ವರ್ಷವೋ ಮೂರು ವರ್ಷವೋ ಅವಧಿ ಕೊಡಬೇಕೆನ್ನುವವರಿದ್ದಾರೆ. ಒಪ್ಪಲು ಮನಸ್ಸಾಗುವ ಮಾತು. ಆದರೆ ಅವಧಿ ಉಳಿದಿರುವವರನ್ನೇ ಆರಿಸಬೇಕಾದರೆ ಹಿರಿಯರನ್ನು ದಾಟಲೇಬೇಕು, ದಾಟುವಾಗ ಆರಿಸುವವರೊಬ್ಬರು ಬೇಕು, ಅಲ್ಲಿಗೆ 1973 ಮತ್ತೆ ಬಾಗಿಲು ತಟ್ಟುತ್ತದೆ. ನಾಗರತ್ನ ಅವರು 2008ರಲ್ಲಿ 45ನೇ ವಯಸ್ಸಿಗೇ ಹೈಕೋರ್ಟಿಗೆ ಬಂದಿದ್ದರು. ಸುಪ್ರೀಂ ಕೋರ್ಟಿಗೆ ಹೋದದ್ದು 2021ರಲ್ಲಿ. ಎರಡು ವರ್ಷ ಮೊದಲು ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಂದಮೇಲೆ ತಿದ್ದಬೇಕಾದದ್ದು ಒಳಗೆ ಬರುವ ಬಾಗಿಲು. ಹೆಣ್ಣುಮಕ್ಕಳು, ಜಿಲ್ಲಾ ನ್ಯಾಯಾಂಗದಿಂದ ಮೇಲೆ ಬಂದವರು, ತಡವಾಗಿ ಏರುವ ಕಾರಣಕ್ಕೆ ಗಡಿ ಅವರಿಗೆ ಬೇಗ ಎದುರಾಗುತ್ತದೆ. ಎಲ್ಲರಿಗೂ ಒಂದೇ ಆದ ವಯಸ್ಸು ಎಲ್ಲರಿಗೂ ಒಂದೇ ಅವಕಾಶ ಕೊಡಬೇಕಾದರೆ ನೇಮಕದಲ್ಲಿ ವಿಳಂಬ, ತಾರತಮ್ಯ ಇರಬಾರದು.

ಗಡಿಯನ್ನೇ ಆಯುಧ ಮಾಡಿದವರು

ಗಡಿ ಬದಲಿಸುವುದರಲ್ಲೂ ಅಪಾಯವಿದೆ. ಬಾಂಗ್ಲಾದೇಶ 2004ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ವಯಸ್ಸನ್ನು 65ರಿಂದ 67ಕ್ಕೆ ಏರಿಸಿತು. ಅಲ್ಲಿ ಚುನಾವಣಾ ಕಾಲದ ಉಸ್ತುವಾರಿ ಸರ್ಕಾರದ ಮುಖ್ಯಸ್ಥರಾಗುತ್ತಿದ್ದವರು ಆಗಷ್ಟೇ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿ. ತಮಗೆ ಬೇಕಾದವರು ಆ ಹೊತ್ತಿಗೆ ಸರಿಯಾಗಿ ನಿವೃತ್ತರಾಗಲೆಂದೇ ಹೀಗೆ ಮಾಡಿದರೆಂದು ವಿರೋಧ ಪಕ್ಷ ಬೀದಿಗಿಳಿಯಿತು. ಆ ಬಿಕ್ಕಟ್ಟು 2007ರ ಜನವರಿಯಲ್ಲಿ ತುರ್ತು ಪರಿಸ್ಥಿತಿಯಲ್ಲಿ ಮುಗಿಯಿತು. ಹಂಗೆರಿ ನ್ಯಾಯಾಧೀಶರ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿ ಹಿರಿಯರನ್ನು ಒಟ್ಟಿಗೆ ಹೊರದಬ್ಬಿತು. ಪೋಲೆಂಡ್ 2018ರಲ್ಲಿ ತನ್ನ ಸುಪ್ರೀಂ ಕೋರ್ಟಿನಲ್ಲಿ 70ರಿಂದ 65ಕ್ಕೆ ಇಳಿಸಿ, ಮುಂದುವರಿಯಬೇಕಾದವರು ಅಧ್ಯಕ್ಷರ ಒಪ್ಪಿಗೆ ಪಡೆಯಬೇಕೆಂದಿತು. ಎರಡೂ ಕ್ರಮಗಳನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012 ಮತ್ತು 2019ರಲ್ಲಿ ತಪ್ಪೆಂದು ಸಾರಿತು. ವಯಸ್ಸನ್ನು ಏರಿಸುವುದಾದರೂ ಇಳಿಸುವುದಾದರೂ ಅದು ಮುಂದೆ ನೇಮಕವಾಗುವವರಿಗೆ, ಎಲ್ಲರಿಗೂ ಸಮನಾಗಿ ಅನ್ವಯಿಸಬೇಕೆಂಬುದು ಈ ದೇಶಗಳಿಂದ ಕಲಿಯಬೇಕಾದ ನಿಯಮ.

ಇಳಿದ ಮೇಲಿನ ಕುರ್ಚಿ

ನಮ್ಮಲ್ಲಿ ಕೃಪೆಗೆ ಅತಿ ಹೆಚ್ಚು ಜಾಗ ಇರುವುದು ನಿವೃತ್ತಿಯ ನಂತರ. ಒಳ್ಳೆಯ ಉದಾಹರಣೆಗಳಿಂದಲೇ ಆರಂಭಿಸೋಣ. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1963ರಲ್ಲಿ ನಿವೃತ್ತರಾದ ನಿಟ್ಟೂರು ಶ್ರೀನಿವಾಸರಾಯರು ಮರುವರ್ಷವೇ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾದರು. 2004ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ ಲೋಕಾಯುಕ್ತರಾದ ಎನ್. ಸಂತೋಷ್ ಹೆಗ್ಡೆ ಅವರು 2011ರಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆ ವರದಿ ಮುಖ್ಯಮಂತ್ರಿಯ ರಾಜೀನಾಮೆಗೆ ದಾರಿಯಾಯಿತು. ಒಳಮೀಸಲಾತಿಯ ಜಟಿಲ ಪ್ರಶ್ನೆಗೆ 2025ರಲ್ಲಿ ವರದಿ ಕೊಟ್ಟವರು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್. ಇವರನ್ನೆಲ್ಲ ನಿವೃತ್ತಿಯ ದಿನವೇ ಮನೆಯಲ್ಲಿ ಕೂರಿಸಿದ್ದರೆ ನಾಡಿಗೇ ನಷ್ಟ.

ಆದರೂ ಪ್ರಶ್ನೆ ಉಳಿಯುತ್ತದೆ. 1958ರಲ್ಲೇ ಎಂ.ಸಿ. ಸೆತಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ಸುಪ್ರೀಂ ಕೋರ್ಟ್ ನ್ಯಾಯಾಧೀಶರು ನಿವೃತ್ತಿಯ ನಂತರ ಸರ್ಕಾರದ ಹುದ್ದೆ ಹಿಡಿಯಬಾರದೆಂದಿತ್ತು. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ 2019ರ ನವೆಂಬರಿನಲ್ಲಿ ನಿವೃತ್ತರಾಗಿ 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾದರು, ಫೆಬ್ರುವರಿಯಲ್ಲಿ ಆಂಧ್ರದ ರಾಜ್ಯಪಾಲರಾಗಿ ನೇಮಕಗೊಂಡರು. ಇವರಿಬ್ಬರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ನಡುವೆ ಕೆಲವು ವಾರ, ಕೆಲವು ತಿಂಗಳಷ್ಟೇ ಅಂತರವಿದ್ದಾಗ ಹಳೆಯ ತೀರ್ಪುಗಳನ್ನು ಜನ ಅನುಮಾನದಿಂದ ಮತ್ತೆ ಓದುತ್ತಾರೆ, ಅದೇ ಸಾಕಷ್ಟು ಹಾನಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎ.ಎಸ್. ಓಕಾ 2025ರ ಮೇ ತಿಂಗಳಲ್ಲಿ ತಾಯಿ ತೀರಿಕೊಂಡ ಮರುದಿನವೇ ಸುಪ್ರೀಂ ಕೋರ್ಟಿಗೆ ಬಂದು 11 ತೀರ್ಪು ಕೊಟ್ಟು ಇಳಿದರು. ಕೊನೆಯ ದಿನದವರೆಗೂ ಕೆಲಸದ ಮೇಲೆಯೇ ಕಣ್ಣಿಟ್ಟ ಇಂಥವರಿಗೆ ನ್ಯಾಯವಾಗಬೇಕಾದರೆ ವ್ಯವಸ್ಥೆಯೂ ಅನುಮಾನಕ್ಕೆ ಎಡೆಗೊಡಬಾರದು.

ಹಾಸನ ಜಿಲ್ಲೆಗೆ ಈ ವಿಷಯ ನೀರಿನ ರೂಪದಲ್ಲಿ ಬಂದಿದೆ. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳನ್ನು ನಂಬಿದ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ರೈತರ ಪಾಲನ್ನು ನಿರ್ಧರಿಸಿದ್ದು 1990ರ ಜೂನ್‌ನಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ಇಂಥ ಮಂಡಳಿಯ ಅಧ್ಯಕ್ಷರು, ಸದಸ್ಯರು ನೇಮಕದ ದಿನ ಹಾಲಿ ನ್ಯಾಯಾಧೀಶರಾಗಿರಬೇಕು. ಆಮೇಲೆ ಅವರಿಗೆ ಆ ಕಾಯ್ದೆ ವಯಸ್ಸಿನ ಗಡಿ ಹಾಕಲಿಲ್ಲ, 2002ರ ತಿದ್ದುಪಡಿಯವರೆಗೆ ವರದಿಗೆ ಕಾಲಮಿತಿಯೂ ಇರಲಿಲ್ಲ. ನಡುವೆ ಅಧ್ಯಕ್ಷರು ಬದಲಾದರು. ಅಂತಿಮ ತೀರ್ಪು ಬಂದದ್ದು 2007ರ ಫೆಬ್ರುವರಿ 5ಕ್ಕೆ, ಹದಿನಾರು ವರ್ಷ ಮೀರಿ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ 270 ಟಿಎಂಸಿಗೆ 14.75 ಸೇರಿಸಿತು. 2004ರಲ್ಲಿ ರಚನೆಯಾದ ಕೃಷ್ಣಾ ಎರಡನೇ ನ್ಯಾಯಮಂಡಳಿ ಎರಡು ದಶಕ ದಾಟಿದೆ. ಅವಧಿ ಕಟ್ಟದ ನ್ಯಾಯಮಂಡಳಿಯಲ್ಲಿ ವಿವಾದಕ್ಕೂ ಅವಧಿ ಇರುವುದಿಲ್ಲ ಎಂಬುದನ್ನು ಹೇಮಾವತಿ ದಂಡೆಯ ಒಂದು ತಲೆಮಾರಿನ ರೈತರು ಬದುಕಿ ಕಂಡಿದ್ದಾರೆ.

ಅವಧಿ ಕಟ್ಟಿದರೂ ಅದು ತೀರ ಚಿಕ್ಕದಾಗಬಾರದು. 2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆ ನಾಲ್ಕು ವರ್ಷವನ್ನೇ ಗರಿಷ್ಠ ಅವಧಿಯಾಗಿಟ್ಟು ಮರುನೇಮಕಕ್ಕೆ ಬಾಗಿಲು ತೆರೆದಿತ್ತು. ಮರುನೇಮಕದ ಆಸೆಯಲ್ಲಿರುವವರು ಸರ್ಕಾರದ ವಿರುದ್ಧ ನಿರ್ಭೀತರಾಗಿರಲಾರರೆಂಬ ವಾದ ಗೆದ್ದಿತು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಬಂಧನೆಗಳನ್ನು ರದ್ದು ಮಾಡಿತು.

ತಾಲೂಕಿನಲ್ಲಿ ಸಮಸ್ಯೆ ತಿರುಗುಮುರುಗು

ಮೇಲೆ ಹೇಳಿದ ಎಲ್ಲ ಚರ್ಚೆ ಹೆಚ್ಚು ಕಾಲ ಕೂರುವವರ ಬಗ್ಗೆ. ತಾಲೂಕು ಕೋರ್ಟಿನ ಕಷ್ಟ ನ್ಯಾಯಾಧೀಶರು ಸಾಕಷ್ಟು ಕಾಲ ಉಳಿಯದಿರುವುದು. ದೇಶದ ಜಿಲ್ಲಾ ಹಂತದ ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಮೊಕದ್ದಮೆ ಬಾಕಿ ಇವೆ. ತೆಂಗಿನ ತೋಟದ ಪಾಲು, ಬದುವಿನ ತಕರಾರು, ನಾಲೆಗೆ ಹೋದ ಜಮೀನಿನ ಪರಿಹಾರದಂಥ ದಾವೆಗಳು ವರ್ಷಗಟ್ಟಲೆ ನಡೆಯುವಾಗ ಅದೇ ಪೀಠದಲ್ಲಿ ಹಲವರು ಬಂದು ಹೋಗಿರುತ್ತಾರೆ. ವರ್ಗಾವಣೆಗೆ ಸಕಾರಣವಿದೆ: ಒಂದೇ ಊರಲ್ಲಿ ಬಹುಕಾಲ ಇದ್ದವರಿಗೆ ನಂಟು, ನೆರಳು ಬೆಳೆಯುತ್ತದೆ. ಆದರೆ ಬೆಲೆ ತೆರುವವರು ಕಕ್ಷಿದಾರರು. ಸಿವಿಲ್ ದಾವೆಯಲ್ಲಿ ಹಿಂದಿನವರು ಬರೆದ ಸಾಕ್ಷ್ಯವನ್ನು ಮುಂದಿನವರು ಬಳಸಬಹುದು. ಸಾಕ್ಷಿ ತಡವರಿಸಿದ್ದು, ಕಣ್ಣು ತಪ್ಪಿಸಿದ್ದು ಕಾಗದದ ಮೇಲೆ ಬರುವುದಿಲ್ಲ. ಸಂಕ್ಷಿಪ್ತ ವಿಚಾರಣೆಯ ಚೆಕ್ ಬೌನ್ಸ್ ಪ್ರಕರಣಗಳಲ್ಲಂತೂ ಹಿಂದಿನವರ ದಾಖಲೆಯ ಮೇಲೆ ಹೊಸಬರು ತೀರ್ಪು ಕೊಡುವಂತಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಲ್ಲಿ ಮೊದಲಿನಿಂದ ಆರಂಭಿಸಬೇಕು.

ಮಾಡಬೇಕಾದದ್ದು

ಇಷ್ಟು ಸಮೀಕ್ಷೆಯಿಂದ ನನಗೆ ಸರಿಯೆನಿಸುವ ದಾರಿ ಹೀಗಿದೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎರಡಕ್ಕೂ 65 ಇರಲಿ. ಮೂರು ವರ್ಷದ ಅಂತರ ಹೋದರೆ ದೆಹಲಿಗೆ ಹೋಗುವ ಆತುರ ಇಳಿಯುತ್ತದೆ, 62 ಹುದ್ದೆಗಳು ಮಂಜೂರಾಗಿಯೂ ಪೂರ್ತಿ ತುಂಬದ ಕರ್ನಾಟಕ ಹೈಕೋರ್ಟಿಗೂ ಉಸಿರಾಡಲು ಅವಕಾಶವಾಗುತ್ತದೆ. ಆಗ ಜಿಲ್ಲಾ ನ್ಯಾಯಾಧೀಶರಿಗೆ 62 ಕೊಡಲು 2002ರಲ್ಲಿ ಇದ್ದ ಅಡ್ಡಿಯೂ ಇರದು. 58ರ ಪರಿಶೀಲನೆ ಮುಂದುವರಿಯಲಿ. ಈ ಬದಲಾವಣೆ ಘೋಷಣೆಯಾದ ದಿನ ಯಾರಿಗೂ ಲಾಭವಾಗದಂತೆ, ಮುಂದಿನ ನೇಮಕಗಳಿಂದ ಜಾರಿಯಾಗಲಿ.

ನಿವೃತ್ತಿಯ ನಂತರ ರಾಜಕೀಯ ನೇಮಕಗಳಿಗೆ ಕನಿಷ್ಠ ಎರಡು ವರ್ಷದ ಬಿಡುವು ಕಡ್ಡಾಯವಾಗಲಿ. ನ್ಯಾಯಾಧೀಶರ ಅನುಭವ ಬೇಕೇ ಬೇಕಾದ ನ್ಯಾಯಮಂಡಳಿ, ಆಯೋಗಗಳಿಗೆ ನಮ್ಮ ರಾಜ್ಯದಲ್ಲೇ ಮಾದರಿಯಿದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಲೋಕಾಯುಕ್ತರಿಗೆ ಐದು ವರ್ಷ ಕೊಟ್ಟು, ಇಳಿದ ಮೇಲೆ ರಾಜ್ಯ ಸರ್ಕಾರದಡಿ ಲಾಭದ ಹುದ್ದೆ ಹಿಡಿಯದಂತೆ ತಡೆದಿದೆ. ಅವಧಿ ಉದ್ದ, ಮರಳಿ ಬರುವ ದಾರಿ ಇಲ್ಲ ಎಂಬ ಈ ಎರಡು ನಿಯಮ ಜಲವಿವಾದದ ಮಂಡಳಿಗಳಿಗೂ ಬಂದರೆ ಹೇಮಾವತಿ ದಂಡೆಯ ರೈತರು ಇನ್ನೊಂದು ತಲೆಮಾರು ಕಾಯಬೇಕಿಲ್ಲ.

ತಾಲೂಕು ಹಂತದಲ್ಲಿ ಸಾಕ್ಷ್ಯ ಮುಗಿದು ವಾದ ಆರಂಭವಾದ ಮೊಕದ್ದಮೆಗಳನ್ನು ಮುಗಿಸಿಯೇ ನ್ಯಾಯಾಧೀಶರನ್ನು ಬಿಡುಗಡೆ ಮಾಡುವ ಪದ್ಧತಿ ಬರಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಹೈಕೋರ್ಟಿನ ಒಂದು ಆಡಳಿತಾತ್ಮಕ ಆದೇಶ ಸಾಕು. ಚನ್ನರಾಯಪಟ್ಟಣದ ಕಕ್ಷಿದಾರನಿಗೆ ಈ ಎಲ್ಲ ಸುಧಾರಣೆಗಳಲ್ಲಿ ಮೊದಲು ತಟ್ಟುವುದು ಇದೇ, ಆದ್ದರಿಂದ ಇಲ್ಲಿಂದಲೇ ಆರಂಭವಾಗಲಿ.